ಬಿಸಾಡಲಾಗದ ಕಾಯಿಲೆ: ಒಂದು ಮನೆಯ ಕೂಡಿಡುವಿಕೆ ಇಡೀ ಬೀದಿಗೆ ತಟ್ಟುವ ಬಗೆ

2025ರ ಫೆಬ್ರವರಿಯಲ್ಲಿ ಪುಣೆಯ ಹಡಪ್ಸರ್ ಪ್ರದೇಶದ ವಸತಿ ಸಮುಚ್ಚಯವೊಂದರ ನಿವಾಸಿಗಳು ಕೊಟ್ಟ ದೂರು ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಮೂರೂವರೆ ಬೆಡ್‌ರೂಮಿನ ಒಂದೇ ಫ್ಲಾಟಿನಲ್ಲಿ ಮುನ್ನೂರಕ್ಕೂ ಹೆಚ್ಚು ಬೆಕ್ಕುಗಳಿವೆ, ದುರ್ವಾಸನೆಯಿಂದಲೂ ರಾತ್ರಿಯ ಕೂಗಾಟದಿಂದಲೂ ಅಕ್ಕಪಕ್ಕದವರು ಬಾಳುವುದೇ ಕಷ್ಟವಾಗಿದೆ ಎಂಬುದು ಅವರ ಅಳಲು. ಅಧಿಕಾರಿಗಳು ಬಂದು ನೋಡಿದರು. ಬೆಕ್ಕುಗಳನ್ನು ಬೇರೆಡೆಗೆ ಸಾಗಿಸುವಂತೆ ನೋಟಿಸು ಹೊರಡಿಸಿದರು. ಸುದ್ದಿಯನ್ನು ಓದಿದವರಲ್ಲಿ ಕೆಲವರು ನಕ್ಕರು, ಕೆಲವರು ಮೂಗು ಮುಚ್ಚಿಕೊಂಡರು, ಇನ್ನು ಕೆಲವರು ಪ್ರಾಣಿದಯೆ ತಪ್ಪೇ ಎಂದು ಕೇಳಿದರು. ಆ ಮನೆಯವರ ಮನಸ್ಸಿನಲ್ಲಿ ಏನಿತ್ತೆಂದು ದೂರದಲ್ಲಿ ಕುಳಿತು ತೀರ್ಮಾನಿಸುವ ಅಧಿಕಾರ ಯಾರಿಗೂ ಇಲ್ಲ. ಆದರೆ ವಸ್ತುಗಳನ್ನೋ ಪ್ರಾಣಿಗಳನ್ನೋ ಮಿತಿಮೀರಿ ಕೂಡಿಡುವ ನಡವಳಿಕೆಯನ್ನು ವೈದ್ಯಶಾಸ್ತ್ರ ಹೇಗೆ ನೋಡುತ್ತದೆ, ನಾಲ್ಕು ಗೋಡೆಗಳ ನಡುವಿನ ಸಂಗತಿಯೊಂದು ಸಾರ್ವಜನಿಕ ಆರೋಗ್ಯದ ಪ್ರಶ್ನೆಯಾಗುವುದು ಹೇಗೆ ಎಂಬುದನ್ನು ತಿಳಿದುಕೊಳ್ಳಲು ಅದೊಂದು ಸಂದರ್ಭವಂತೂ ಹೌದು.

ಹೆಸರಿನ ಗೊಂದಲ

ಈ ನಡವಳಿಕೆಗೆ ಇಂಗ್ಲಿಷಿನಲ್ಲಿರುವ ‘ಹೋರ್ಡಿಂಗ್’ ಎಂಬ ಹೆಸರು ನಮ್ಮಲ್ಲಿ ಬೇರೆಯೇ ಚಿತ್ರವನ್ನು ಕಣ್ಣಮುಂದೆ ತರುತ್ತದೆ. ಬೆಂಗಳೂರಿನವರಿಗೆ ಹೋರ್ಡಿಂಗ್ ಎಂದರೆ ರಸ್ತೆಬದಿಯ ಜಾಹೀರಾತು ಫಲಕ. ಬೆಲೆಯೇರಿಕೆಯ ಕಾಲದಲ್ಲಿ ಅದೇ ಪದಕ್ಕೆ ಈರುಳ್ಳಿ, ಬೇಳೆಗಳ ಅಕ್ರಮ ದಾಸ್ತಾನು ಎಂಬ ಅರ್ಥವೂ ಇದೆ. ಇಲ್ಲಿ ಹೇಳಹೊರಟಿರುವುದು ಇವೆರಡನ್ನೂ ಅಲ್ಲವಾದ್ದರಿಂದ ‘ಕೂಡಿಡುವ ಗೀಳು’ ಎಂಬ ಮಾತನ್ನು ಬಳಸುತ್ತೇನೆ. ಇದರಲ್ಲಿಯೂ ಸಣ್ಣದೊಂದು ತೊಡಕುಂಟು. ಪದೇಪದೇ ಕೈತೊಳೆಯುವಂಥ ‘ಗೀಳು ಕಾಯಿಲೆ’ ಕನ್ನಡ ಓದುಗರಿಗೆ ಪರಿಚಿತವೇ. ಕೂಡಿಡುವ ಗೀಳನ್ನು ಬಹುಕಾಲ ಅದರದೇ ಒಂದು ಲಕ್ಷಣವೆಂದು ಎಣಿಸಲಾಗಿತ್ತು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಪಟ್ಟಿ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹನ್ನೊಂದನೆಯ ಪರಿಷ್ಕರಣೆಯೂ ಹಾಗೆಯೇ ಮಾಡಿತು. ಅದು 2022ರ ಜನವರಿಯಿಂದ ಜಾರಿಯಲ್ಲಿದೆ. ಎರಡೂ ಕಾಯಿಲೆಗಳು ಒಂದೇ ಕುಟುಂಬಕ್ಕೆ ಸೇರಿದವು, ಆದರೆ ಒಂದೇ ಅಲ್ಲ.

ಅಟ್ಟ ತುಂಬಿದ್ದರೆ ಕಾಯಿಲೆಯೇ?

ಹಾಲಿನ ಕವರನ್ನು ತೊಳೆದು ಒಣಗಿಸಿ ಎತ್ತಿಡುವುದು, ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆ ತುಂಬಿಡುವುದು, ಹರಿದ ಸೀರೆಯನ್ನು ಕೌದಿಗೆಂದು ಮಡಿಸಿಡುವುದು ನಮ್ಮ ಮನೆಗಳ ಮಿತವ್ಯಯ. ಕೊರತೆಯ ಕಾಲವನ್ನು ಕಂಡ ಹಿರಿಯರಿಗೆ ಅದು ವಿವೇಕವೂ ಆಗಿತ್ತು. ಅಂಚೆಚೀಟಿ, ನಾಣ್ಯ, ಹಳೆಯ ರೇಡಿಯೋಗಳನ್ನು ಸಂಗ್ರಹಿಸುವವರದು ಹವ್ಯಾಸ. ಅವರು ಆಯ್ದು ತರುತ್ತಾರೆ, ಜೋಡಿಸಿಡುತ್ತಾರೆ, ಬಂದವರಿಗೆ ಸಂತೋಷದಿಂದ ತೋರಿಸುತ್ತಾರೆ. ಗುಜರಿ ಆಯುವವರ ಮನೆಯ ಮುಂದಿನ ರಾಶಿ ಅವರ ಜೀವನೋಪಾಯ. ಇವು ಯಾವುವೂ ಕಾಯಿಲೆಯಲ್ಲ.

ವೈದ್ಯರು ನೋಡುವ ಮೊದಲ ಸಂಗತಿ, ವಸ್ತುವಿನ ಬೆಲೆ ಎಷ್ಟೇ ಇರಲಿ, ಅದನ್ನು ಕೈಬಿಡುವುದು ವ್ಯಕ್ತಿಗೆ ನಿರಂತರವಾಗಿ ಅಸಾಧ್ಯವಾಗಿದೆಯೇ, ಕೈಬಿಡಬೇಕೆಂದ ಕೂಡಲೇ ತೀವ್ರ ಸಂಕಟವಾಗುತ್ತದೆಯೇ ಎಂಬುದು. ಎರಡನೆಯದು, ಹೀಗೆ ಉಳಿದವೆಲ್ಲ ಸೇರಿ ಮನೆಯ ಜಾಗಗಳು ತಮ್ಮ ಉದ್ದೇಶವನ್ನೇ ಕಳೆದುಕೊಂಡಿವೆಯೇ ಎಂಬುದು. ಅಟ್ಟದಲ್ಲಿ ಹತ್ತು ಮೂಟೆಗಳಿದ್ದರೆ ಅಟ್ಟ ಅಟ್ಟದ ಕೆಲಸವನ್ನೇ ಮಾಡುತ್ತಿದೆ. ಮಂಚದ ಮೇಲೆ ಮೂಟೆಗಳಿದ್ದು ಮನೆಯವರು ಕುರ್ಚಿಯಲ್ಲಿ ನಿದ್ದೆ ಮಾಡುತ್ತಿದ್ದರೆ, ಬಚ್ಚಲಲ್ಲಿ ಹಳೆಯ ಪತ್ರಿಕೆಗಳಿದ್ದು ಸ್ನಾನ ನಿಂತುಹೋಗಿದ್ದರೆ, ಒಲೆಯ ಮೇಲೆ ಡಬ್ಬಗಳನ್ನು ಪೇರಿಸಿದ್ದರಿಂದ ಊಟ ಹೊರಗಿನಿಂದ ಬರುತ್ತಿದ್ದರೆ ಸಂಗತಿ ಬೇರೆ. ಮನೆ ಓರಣವಾಗಿ ಕಂಡರೂ ಅದು ಮಗನೋ ಸೊಸೆಯೋ ಹಿಂದೆ ಬಿದ್ದು ಎತ್ತಿಹಾಕುತ್ತಿರುವುದರ ಫಲವಾಗಿದ್ದರೆ ಕಾಯಿಲೆ ಇಲ್ಲವೆನ್ನುವಂತಿಲ್ಲ. ಮಿದುಳಿನ ಪೆಟ್ಟು, ಮರೆಗುಳಿ ರೋಗ, ತೀವ್ರ ಖಿನ್ನತೆ ಮುಂತಾದವುಗಳಿಂದಲೂ ಮನೆ ಹೀಗಾಗಬಹುದಾದ್ದರಿಂದ ಅವುಗಳನ್ನು ವೈದ್ಯರು ಬೇರೆಯಾಗಿ ಪರೀಕ್ಷಿಸುತ್ತಾರೆ.

‘ತುಂಬ ಸಾಮಾನು’ ಎಂಬ ಮಾತು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಅಳತೆಯದಾಗುವುದರಿಂದ ಸಂಶೋಧಕರು ಸರಳವಾದ ಉಪಾಯವೊಂದನ್ನು ಕಂಡುಕೊಂಡಿದ್ದಾರೆ. ಹಜಾರ, ಅಡುಗೆಮನೆ, ಮಲಗುವ ಕೋಣೆ ಈ ಮೂರಕ್ಕೂ ಒಂಬತ್ತೊಂಬತ್ತು ಚಿತ್ರಗಳಿವೆ. ಮೊದಲನೆಯದರಲ್ಲಿ ಕೋಣೆ ಚೊಕ್ಕಟವಾಗಿದೆ. ಒಂದೊಂದು ಚಿತ್ರಕ್ಕೂ ರಾಶಿ ಏರುತ್ತ ಹೋಗಿ ಒಂಬತ್ತನೆಯದರಲ್ಲಿ ಪೀಠೋಪಕರಣಗಳೇ ಹೂತುಹೋಗಿವೆ. ತಮ್ಮ ಮನೆ ಯಾವ ಚಿತ್ರಕ್ಕೆ ಹತ್ತಿರವೆಂದು ಬೆರಳಿಟ್ಟು ತೋರಿಸಿದರೆ ಸಾಕು, ವಾದ ಮುಗಿಯುತ್ತದೆ.

ವಿವಿಧ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರೆ ವಯಸ್ಕರಲ್ಲಿ ಸುಮಾರು ಶೇ 2.5ರಷ್ಟು ಮಂದಿಗೆ ಈ ಕಾಯಿಲೆ ಇರುತ್ತದೆಂಬ ಅಂದಾಜಿದೆ. ಆ ಅಧ್ಯಯನಗಳಲ್ಲಿ ಹೆಚ್ಚಿನವು ಸಿರಿವಂತ ದೇಶಗಳವು ಎಂಬುದನ್ನೂ ಜೊತೆಗೇ ಹೇಳಬೇಕು. ಲಕ್ಷಣಗಳು ಹರೆಯದಲ್ಲಿಯೇ ಮೊಳೆಯುತ್ತವೆ, ದಶಕದಿಂದ ದಶಕಕ್ಕೆ ಬಲಿಯುತ್ತವೆ. ಮಕ್ಕಳು ದೂರವಾಗಿ, ಸಂಗಾತಿ ತೀರಿಕೊಂಡು, ತಡೆಯುವವರು ಯಾರೂ ಇಲ್ಲದಾದಾಗ ಇಳಿವಯಸ್ಸಿನಲ್ಲಿ ಅದು ಹೊರಗಿನವರ ಕಣ್ಣಿಗೆ ಬೀಳುತ್ತದೆ.

ಬಿಸಾಡುವುದು ಅಷ್ಟು ಕಷ್ಟವೇಕೆ?

ಹೊರಗಿನವರು ಸೋಮಾರಿತನವೆಂದು ಜರೆಯುವುದರ ಹಿಂದೆ ನಿಜವಾಗಿ ನಡೆಯುತ್ತಿರುವುದು ನಿರ್ಧಾರದ ತೊಳಲಾಟ. 2012ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದು ಇದನ್ನು ಬಲು ಹತ್ತಿರದಿಂದ ತೋರಿಸಿತು. ಭಾಗವಹಿಸಿದವರು ತಮ್ಮ ಮನೆಯಿಂದ ಕಾಗದಪತ್ರಗಳ ಒಂದು ಕಟ್ಟು ತಂದಿದ್ದರು. ಸಂಶೋಧಕರು ತಮ್ಮದೊಂದು ಕಟ್ಟನ್ನು ಇಟ್ಟಿದ್ದರು. ಮಿದುಳಿನ ಚಟುವಟಿಕೆಯನ್ನು ಸೆರೆಹಿಡಿಯುವ ಯಂತ್ರದೊಳಗೆ ಮಲಗಿಸಿ, ಒಂದೊಂದೇ ಕಾಗದದ ಚಿತ್ರವನ್ನು ತೋರಿಸಿ, ಇಟ್ಟುಕೊಳ್ಳುವುದೋ ಬಿಡುವುದೋ ಎಂದು ಕೇಳಲಾಯಿತು. ಬಿಡುವುದೆಂದ ಕಾಗದಗಳು ಚೂರು ಮಾಡುವ ಯಂತ್ರಕ್ಕೆ ಹೋಗುತ್ತಿದ್ದವು. ಬೇರೆಯವರ ಕಾಗದದ ಸರದಿಯಲ್ಲಿ ಕೂಡಿಡುವ ಗೀಳಿದ್ದವರ ಮಿದುಳು ಮಂಕಾಗಿತ್ತು. ತಮ್ಮದೇ ಕಾಗದ ಬಂದಾಗ ಮಾತ್ರ, ‘ಇದು ಮಹತ್ವದ್ದು, ತಪ್ಪು ಮಾಡಿಬಿಟ್ಟೀಯೆ’ ಎಂದು ಎಚ್ಚರಿಸುವ ಭಾಗಗಳು ಅತಿಯಾಗಿ ಚುರುಕಾದವು. ಮೂರು ವರ್ಷ ಹಳೆಯ ರಿಯಾಯಿತಿ ಚೀಟಿ ಅವರಿಗೆ ಆಸ್ತಿಪತ್ರದಷ್ಟು ಭಾರವಾಗಿ ತೋರುತ್ತದೆಂದು ಇಟ್ಟುಕೊಳ್ಳಿ. ಆಸ್ತಿಪತ್ರವನ್ನು ಕಸದ ಗಾಡಿಗೆ ಹಾಕೆಂದು ಯಾರಾದರೂ ಗದರಿಸಿದರೆ ನಮಗೆ ಏನಾಗುತ್ತದೋ ಅವರಿಗೆ ಆ ಚೀಟಿಯ ವಿಷಯದಲ್ಲಿ ಅದೇ ಆಗುತ್ತದೆ. ಎತ್ತಿಟ್ಟುಬಿಟ್ಟರೆ ಸಂಕಟ ಆ ಕ್ಷಣಕ್ಕೆ ಕರಗುತ್ತದೆ. ಹಾಗೆ ಕರಗುವುದೇ ಮುಂದಿನ ಸಲವೂ ಎತ್ತಿಡಲು ಕಾರಣವಾಗುತ್ತದೆ.

ಒಂದು ಬೆಕ್ಕು ಇಪ್ಪತ್ತಾಗುವ ಲೆಕ್ಕ

ಪ್ರಾಣಿಗಳ ವಿಷಯಕ್ಕೆ ಬಂದರೆ ಸಂಖ್ಯೆಯೊಂದೇ ಅಳತೆಯಲ್ಲ. ಹತ್ತು ನಾಯಿಗಳಿಗೆ ಹೊಟ್ಟೆತುಂಬ ಊಟ, ಲಸಿಕೆ, ಜಾಗ, ಚಿಕಿತ್ಸೆ ಒದಗಿಸುವ ಮನೆಯೂ ಉಂಟು. ನಾಲ್ಕನ್ನು ಸಾಕಲಾಗದ ಮನೆಯೂ ಉಂಟು. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಪಶುವೈದ್ಯ ಗ್ಯಾರಿ ಪ್ಯಾಟ್ರೊನೆಕ್ 1999ರಲ್ಲಿ ಈ ಸಮಸ್ಯೆಗೆ ಸ್ಪಷ್ಟ ವ್ಯಾಖ್ಯೆ ಕೊಟ್ಟರು. ಬಹಳಷ್ಟು ಪ್ರಾಣಿಗಳನ್ನು ಕೂಡಿಹಾಕಿ, ಕನಿಷ್ಠ ಆಹಾರ, ನೈರ್ಮಲ್ಯ, ವೈದ್ಯಕೀಯ ಆರೈಕೆಯನ್ನೂ ಒದಗಿಸಲಾಗದೆ, ಅವು ಸೊರಗುತ್ತಿರುವುದಾಗಲಿ ತಾನೂ ತನ್ನ ಮನೆಯವರೂ ಹದಗೆಡುತ್ತಿರುವುದಾಗಲಿ ಗಮನಕ್ಕೇ ಬಾರದ ಸ್ಥಿತಿ ಅದು. ಅವರು ಪರಿಶೀಲಿಸಿದ 54 ಪ್ರಕರಣಗಳಲ್ಲಿ ಅರ್ಧದಷ್ಟರಲ್ಲಿ 39ಕ್ಕಿಂತ ಹೆಚ್ಚು ಪ್ರಾಣಿಗಳಿದ್ದವು. ಐದರಲ್ಲಿ ನಾಲ್ಕು ಮನೆಗಳಲ್ಲಿ ಸತ್ತ ಅಥವಾ ಕಾಯಿಲೆಬಿದ್ದ ಪ್ರಾಣಿಗಳು ಸಿಕ್ಕವು. ಹಾಗಿದ್ದರೂ ಹತ್ತರಲ್ಲಿ ಸುಮಾರು ಆರು ಮಂದಿ ತೊಂದರೆಯೇನೂ ಇಲ್ಲವೆಂದೇ ವಾದಿಸಿದರು. ಮುಕ್ಕಾಲು ಪಾಲು ಮಹಿಳೆಯರು, ಅರ್ಧದ ಹತ್ತಿರ ಹತ್ತಿರ ಅರವತ್ತು ದಾಟಿದವರು.

ಇವರೆಲ್ಲ ಒಂದೇ ಬಗೆಯವರಲ್ಲ. ಚೆನ್ನಾಗಿಯೇ ಸಾಕುತ್ತಿದ್ದು ಕೆಲಸ ಹೋದದ್ದರಿಂದಲೋ ಕಾಯಿಲೆಯಿಂದಲೋ ಕೈಮೀರಿ ಹೋದವರು ಕೆಲವರು. ಇವರು ಸಹಾಯವನ್ನು ಒಪ್ಪಿಕೊಳ್ಳುತ್ತಾರೆ. ‘ನಾನು ಕೈಬಿಟ್ಟರೆ ಇವು ಸತ್ತೇಹೋಗುತ್ತವೆ’ ಎಂದು ನಂಬಿ ಬೀದಿಯಿಂದ ತರುತ್ತಲೇ ಇರುವ ರಕ್ಷಕರು ಇನ್ನು ಕೆಲವರು; ಇವರಿಗೆ ಇಲ್ಲವೆನ್ನಲು ಬರುವುದಿಲ್ಲ, ಊರಿನವರೂ ಮರಿ ಸಿಕ್ಕರೆ ಇವರ ಗೇಟಿನ ಬಳಿಯೇ ಬಿಟ್ಟುಹೋಗುತ್ತಾರೆ. ದೇಣಿಗೆಗಾಗಿಯೋ ಮಾರಾಟಕ್ಕಾಗಿಯೋ ಕೂಡಿಹಾಕುವವರೂ ಇದ್ದಾರೆ. ಇವರ ಮಟ್ಟಿಗೆ ವೈದ್ಯರಿಗಿಂತ ಪೊಲೀಸರ ಕೆಲಸವೇ ಹೆಚ್ಚು.

ಸಂಖ್ಯೆ ಏರುವ ವೇಗವನ್ನು ಜನ ಊಹಿಸುವುದಿಲ್ಲ. ಬೆಕ್ಕಿನ ಗರ್ಭಾವಧಿ ಎರಡು ತಿಂಗಳಿಗಿಂತ ತುಸು ಹೆಚ್ಚು. ಮರಿಗಳಿಗೆ ಹಾಲೂಡುತ್ತಿರುವಾಗಲೇ ತಾಯಿ ಮತ್ತೆ ಬೆದೆಗೆ ಬರಬಹುದು. ಹೆಣ್ಣುಮರಿ ನಾಲ್ಕರಿಂದ ಆರು ತಿಂಗಳಿಗೇ ಗರ್ಭ ಧರಿಸಬಲ್ಲದು. ಸಂತಾನಹರಣ ಚಿಕಿತ್ಸೆ ಮಾಡಿಸದ ಒಂದು ಜೋಡಿಯಿದ್ದು, ವರ್ಷಕ್ಕೆ ಮೂರು ಸೂಲಿನಂತೆ ತಲಾ ನಾಲ್ಕು ಮರಿ ಹುಟ್ಟಿ, ಮೊದಲ ಸೂಲಿನ ಎರಡು ಹೆಣ್ಣುಮರಿಗಳೂ ವರ್ಷದ ಕೊನೆಗೆ ಈದರೆ, ಎಲ್ಲವೂ ಬದುಕಿದಲ್ಲಿ ಆ ಮನೆಯಲ್ಲಿ 22 ಬೆಕ್ಕುಗಳು. ಎರಡನೆಯ ವರ್ಷದ ಲೆಕ್ಕವನ್ನು ಓದುಗರೇ ಮಾಡಿಕೊಳ್ಳಬಹುದು.

ಗೋಡೆ ದಾಟಿ ಬರುವುದು ಏನೇನು?

ಮೊದಲು ಬರುವುದು ವಾಸನೆ. ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಅನಿಲ ಹೊರಬರುತ್ತದೆ. ಕಣ್ಣು, ಗಂಟಲು, ಶ್ವಾಸನಾಳಗಳನ್ನು ಅದು ಉರಿಸುತ್ತದೆ. ದಿನವಿಡೀ ದುಡಿಯುವ ಜಾಗದ ಗಾಳಿಯಲ್ಲಿ ಹತ್ತು ಲಕ್ಷ ಭಾಗಕ್ಕೆ 25 ಭಾಗಕ್ಕಿಂತ ಹೆಚ್ಚು ಅಮೋನಿಯಾ ಇರಬಾರದೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹೇಳುತ್ತದೆ. 300 ಭಾಗವನ್ನು ತತ್‌ಕ್ಷಣದ ಅಪಾಯವೆಂದು ಪರಿಗಣಿಸುತ್ತದೆ. ಕಿಟಕಿ ಮುಚ್ಚಿದ ಫ್ಲಾಟಿನೊಳಗೆ ಹಲವಾರು ಪ್ರಾಣಿಗಳಿದ್ದರೆ ಮೊದಲ ಮಿತಿಯನ್ನು ದಾಟುವುದು ಕಷ್ಟವೇನಲ್ಲ. ಒಳಗಿರುವವರಿಗೆ ಇದು ಗೊತ್ತಾಗುವುದಿಲ್ಲ ಎಂಬುದು ಸುಳ್ಳಲ್ಲ: ದಿನವೂ ಊದುಬತ್ತಿ ಹೊಸೆಯುವವರಿಗೆ ಅದರ ಪರಿಮಳ ತಿಳಿಯದಿರುವಂತೆ ಮೂಗು ಒಗ್ಗಿಹೋಗಿರುತ್ತದೆ. ಒಗ್ಗಿರುವುದು ಮೂಗು ಮಾತ್ರ, ಶ್ವಾಸಕೋಶವಲ್ಲ.

ರೋಗಗಳ ಪೈಕಿ ಬಹಳಷ್ಟು ಪ್ರಾಣಿಯಿಂದ ಮನುಷ್ಯನಿಗೆ ಹರಡುವಂಥವು. ಗಜಕರ್ಣದಂಥ ಚರ್ಮದ ಶಿಲೀಂಧ್ರ ಸೋಂಕು, ಚಿಗಟ ಮತ್ತು ಉಣ್ಣೆಗಳ ಕಾಟ, ಕರುಳಿನ ಹುಳುಗಳು ಸಾಮಾನ್ಯ. ಬೆಕ್ಕಿನ ಮಲದ ಮೂಲಕ ಹರಡುವ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಗರ್ಭಿಣಿಯರ ಭ್ರೂಣಕ್ಕೆ ಅಪಾಯಕಾರಿ. ಸೋಂಕು ತಗುಲಿದ ಬೆಕ್ಕು ಇದನ್ನು ಕೆಲವೇ ವಾರ ಹೊರಹಾಕುತ್ತದೆಯಾದ್ದರಿಂದ ಒಂದೇ ಬೆಕ್ಕಿರುವ ಮನೆಯಲ್ಲಿ ಅಪಾಯ ಕಡಿಮೆ. ಮರಿಗಳು ಹುಟ್ಟುತ್ತಲೇ ಇರುವ ಮನೆಯಲ್ಲಿ ಹೊಸದಾಗಿ ಸೋಂಕು ತಗುಲಿದ ಒಂದಾದರೂ ಇರುವ ಸಂಭವ ಹೆಚ್ಚು. ರೇಬೀಸ್ ವಿಷಯದಲ್ಲಿ ತೊಡಕು ಇನ್ನೊಂದು ಬಗೆಯದು. ಕಚ್ಚಿದ ನಾಯಿಯನ್ನೋ ಬೆಕ್ಕನ್ನೋ ಹತ್ತು ದಿನ ಗಮನಿಸಬೇಕೆಂಬ ರೂಢಿಯಿದೆ. ಲಸಿಕೆಯ ದಾಖಲೆಯಿಲ್ಲದ, ಹೆಸರೂ ಇಲ್ಲದ ನಲವತ್ತರಲ್ಲಿ ಕಚ್ಚಿದ್ದು ಯಾವುದೆಂದು ಗುರುತಿಸುವುದು ಹೇಗೆ? ಹೀಗಾಗಿ ಪರಚಿದರೂ ಕಚ್ಚಿದರೂ ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗುವುದು ಅಗತ್ಯ.

ವಸ್ತುಗಳ ರಾಶಿಗೂ ತನ್ನದೇ ಜೀವಸಂಕುಲವಿದೆ. ಕಾಗದ ಬಟ್ಟೆಗಳ ನಡುವೆ ಇಲಿ, ಜಿರಳೆಗಳು ನೆಮ್ಮದಿಯಾಗಿ ಬಾಳುತ್ತವೆ. ಕರಾವಳಿಯವರಿಗೆ ಚಿರಪರಿಚಿತವಾದ ಇಲಿ ಜ್ವರ ಇಲಿಯ ಮೂತ್ರ ಬೆರೆತ ನೀರಿನಿಂದ ಬರುತ್ತದೆ. ನಮ್ಮ ನಗರಗಳ ಮಟ್ಟಿಗೆ ಇದಕ್ಕಿಂತ ಹತ್ತಿರದ ಭಯ ಡೆಂಗಿ. ಅಂಗಳದಲ್ಲಿ, ತಾರಸಿಯಲ್ಲಿ ಕೂಡಿಟ್ಟ ಟೈರು, ಬಕೆಟ್ಟು, ಒಡೆದ ಕುಂಡ, ಎಳನೀರು ಬುರುಡೆಗಳಲ್ಲಿ ಮಳೆನೀರು ವಾರದ ಮೇಲೆ ನಿಂತರೆ ಈಡಿಸ್ ಸೊಳ್ಳೆಯ ಒಂದು ಪೀಳಿಗೆಯೇ ಸಿದ್ಧವಾಗುತ್ತದೆ. ಅದರ ಮೊಟ್ಟೆಗಳು ಒಣಗಿದ ಪಾತ್ರೆಯಲ್ಲಿಯೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿದ್ದು ಮುಂದಿನ ಮಳೆಗೆ ಒಡೆಯುತ್ತವೆ. ಈ ಸೊಳ್ಳೆ ತಾನು ಹುಟ್ಟಿದ ಜಾಗದಿಂದ ಹೆಚ್ಚು ದೂರ ಹಾರುವುದಿಲ್ಲ. ಎಂದರೆ ಅದರ ಮೊದಲ ಗುರಿ ಆ ಮನೆಯವರು ಮತ್ತು ನೆರೆಯವರೇ. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಹುಟ್ಟಲು ಎಡೆಮಾಡಿಕೊಡುವ ನಗರದ ಮನೆಗಳಿಗೆ 400 ರೂಪಾಯಿ ದಂಡ ಗೊತ್ತುಮಾಡಿತು. ಬೇಜವಾಬ್ದಾರಿಗೆ ಅಂಥ ದಂಡ ತಕ್ಕಮಟ್ಟಿಗೆ ಮದ್ದಾಗಬಹುದು, ಬಿಸಾಡಲಾಗದ ಸಂಕಟಕ್ಕೆ ಆಗಲಾರದು.

ಬೆಂಕಿ, ಭಾರ, ಬಾಗಿಲು

ಆಸ್ಟ್ರೇಲಿಯಾದ ಮೆಲ್ಬರ್ನ್ ಅಗ್ನಿಶಾಮಕ ದಳ 1999ರಿಂದ 2009ರವರೆಗಿನ ದಾಖಲೆಗಳನ್ನು ಜಾಲಾಡಿದಾಗ ಸಿಕ್ಕ ಅಂಕಿಗಳು ಇಂದಿಗೂ ಎಲ್ಲೆಡೆ ಉಲ್ಲೇಖವಾಗುತ್ತವೆ. ಮನೆಗಳಿಗೆ ಬಿದ್ದ ಒಟ್ಟು ಬೆಂಕಿಗಳಲ್ಲಿ ವಸ್ತುಗಳನ್ನು ಕೂಡಿಟ್ಟ ಮನೆಗಳ ಪಾಲು ಶೇ 0.25 ಮಾತ್ರ, ಆದರೆ ತಪ್ಪಿಸಬಹುದಾಗಿದ್ದ ಸಾವುಗಳಲ್ಲಿ ಅವುಗಳ ಪಾಲು ಶೇ 24. ಕಾರಣ ಅರ್ಥವಾಗದ್ದೇನಲ್ಲ. ಒಲೆಯ ಪಕ್ಕದಲ್ಲಿಯೇ ಕಾಗದವಿರುತ್ತದೆ, ಉರಿಯಲು ಬೇಕಾದಷ್ಟು ಸರಕು ಇರುತ್ತದೆ, ಬಾಗಿಲು ಅರ್ಧವಷ್ಟೇ ತೆರೆಯುತ್ತದೆ, ಹೊಗೆ ತುಂಬಿದ ಕತ್ತಲಲ್ಲಿ ಸಿಬ್ಬಂದಿಗೂ ಒಳಗಿರುವವರಿಗೂ ದಾರಿ ಸಿಗುವುದಿಲ್ಲ.

ಭಾರದ ಬಗ್ಗೆ ಯಾರೂ ಯೋಚಿಸುವುದಿಲ್ಲ. ಭಾರತದ ಕಟ್ಟಡ ಮಾನಕಗಳ ಪ್ರಕಾರ ವಾಸದ ಕೋಣೆಯ ನೆಲವನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಹೊರುವ ಲೆಕ್ಕದಲ್ಲಿ ವಿನ್ಯಾಸಗೊಳಿಸುತ್ತಾರೆ. ಒಂದು ಮೀಟರ್ ಎತ್ತರಕ್ಕೆ ಒತ್ತಾಗಿ ಪೇರಿಸಿದ ವೃತ್ತಪತ್ರಿಕೆ ಅಷ್ಟೇ ಜಾಗದಲ್ಲಿ ಅರ್ಧ ಟನ್ನಿನ ಆಸುಪಾಸು ತೂಗುತ್ತದೆ.

ರಾಶಿಯೇ ಕೊಲ್ಲಬಹುದೆಂಬುದಕ್ಕೆ ಪ್ರಸಿದ್ಧ ಉದಾಹರಣೆ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ಕಾಲ್ಯರ್ ಸೋದರರದು. ಅಣ್ಣ ಹೋಮರನಿಗೆ ಕಣ್ಣು ಕಾಣುತ್ತಿರಲಿಲ್ಲ, ನಡೆಯಲೂ ಆಗುತ್ತಿರಲಿಲ್ಲ. ತಮ್ಮ ಲ್ಯಾಂಗ್ಲಿ ಅವನ ಆರೈಕೆ ಮಾಡುತ್ತಿದ್ದ. ಅಣ್ಣನಿಗೆ ದೃಷ್ಟಿ ಮರಳಿದಾಗ ಓದಲು ಬೇಕೆಂದು ವರ್ಷಗಟ್ಟಲೆ ಪತ್ರಿಕೆಗಳನ್ನು ಕೂಡಿಡುತ್ತಿದ್ದ. 1947ರ ಮಾರ್ಚ್ 21ರಂದು ಪೊಲೀಸರು ಮೇಲಿನ ಕಿಟಕಿಯಿಂದ ಒಳಹೊಕ್ಕಾಗ ಹೋಮರ್ ಸತ್ತಿದ್ದ. ಲ್ಯಾಂಗ್ಲಿಯನ್ನು ಊರೆಲ್ಲ ಹುಡುಕಿದರು. ಏಪ್ರಿಲ್ 8ರಂದು, ಅಣ್ಣನ ಹೆಣ ಸಿಕ್ಕ ಜಾಗದಿಂದ ಹತ್ತಡಿ ದೂರದಲ್ಲಿ, ಕುಸಿದ ಕಟ್ಟುಗಳಡಿ ಅವನ ಶವ ಸಿಕ್ಕಿತು. ರಾಶಿಯಡಿ ಸಿಕ್ಕಿ ತಮ್ಮ ಸತ್ತಿದ್ದ, ಊಟ ತರುವವರಿಲ್ಲದೆ ಅಣ್ಣ ಸತ್ತಿದ್ದ. ಆ ಮನೆಯಿಂದ ನೂರು ಟನ್ನಿಗೂ ಮಿಕ್ಕಿ ಸಾಮಾನು ಹೊರತೆಗೆದರು. ಅದರಲ್ಲಿ 14 ಪಿಯಾನೋಗಳಿದ್ದವು.

ಒಂದು ದಿನ ಕೂತು ಖಾಲಿ ಮಾಡಿಸಿದರೆ ಸಾಲದೇ?

ಸಹಜವಾಗಿ ತೋಚುವ ಪರಿಹಾರ ಇದೇ. ಅಮ್ಮ ಊರಿಗೆ ಹೋದಾಗ ಮಕ್ಕಳು ಲಾರಿ ತರಿಸಿ ಮನೆ ಖಾಲಿ ಮಾಡಿಸುತ್ತಾರೆ, ಅಥವಾ ಅಧಿಕಾರಿಗಳು ಎಲ್ಲ ಪ್ರಾಣಿಗಳನ್ನೂ ಒಂದೇ ದಿನ ಕೊಂಡೊಯ್ಯುತ್ತಾರೆ. ಖಾಲಿಯಾಗುವುದು ಮನೆ, ಕಾಯಿಲೆ ಅಲ್ಲಿಯೇ ಇರುತ್ತದೆ. ತನಗೆ ತಿಳಿಯದಂತೆ ಎಲ್ಲವನ್ನೂ ಕಳೆದುಕೊಂಡ ವ್ಯಕ್ತಿ ಮನೆಯವರನ್ನು ನಂಬುವುದನ್ನು ಬಿಡುತ್ತಾರೆ, ಬಾಗಿಲು ಇನ್ನಷ್ಟು ಬಿಗಿಯಾಗಿ ಮುಚ್ಚುತ್ತದೆ, ರಾಶಿ ಮೊದಲಿಗಿಂತ ಬೇಗ ಬೆಳೆಯುತ್ತದೆ. ಚಿಕಿತ್ಸೆಯೂ ನಿಗಾ ಇಡುವವರೂ ಇಲ್ಲದೆ ಹೋದರೆ ಪ್ರಾಣಿಗಳನ್ನು ಕೂಡಿಹಾಕುವವರು ಮತ್ತೆ ಆರಂಭಿಸುವುದು ಹೆಚ್ಚುಕಡಿಮೆ ಖಚಿತವೆಂದೇ ಈ ಕ್ಷೇತ್ರದಲ್ಲಿ ದುಡಿಯುವವರು ಹೇಳುತ್ತಾರೆ.

ಫಲ ಕೊಟ್ಟಿರುವುದು ಈ ಕಾಯಿಲೆಗೆಂದೇ ಹೊಂದಿಸಿದ ಅರಿವು-ವರ್ತನಾ ಚಿಕಿತ್ಸೆ. ಅದರ ಒಂದು ಅವಧಿ ಹೇಗಿರುತ್ತದೆಂದರೆ, ಮೇಜಿನ ಮೇಲೆ ಒಂದೇ ಪೆಟ್ಟಿಗೆ ಇರುತ್ತದೆ, ಇಡೀ ಕೋಣೆಯ ಮಾತೇ ಬರುವುದಿಲ್ಲ. ವ್ಯಕ್ತಿ ಒಂದೊಂದೇ ವಸ್ತುವನ್ನು ತಾನೇ ಕೈಗೆತ್ತಿಕೊಂಡು, ಇದನ್ನು ಕೊನೆಯ ಸಲ ಬಳಸಿದ್ದು ಯಾವಾಗ, ಇಂಥದ್ದು ಇನ್ನೆಷ್ಟಿವೆ, ಇದಿಲ್ಲದಿದ್ದರೆ ನಿಜವಾಗಿ ಏನಾಗುತ್ತದೆ ಎಂದು ಬಾಯಿಬಿಟ್ಟು ಹೇಳಿ ನಿರ್ಧರಿಸಬೇಕು, ಚಿಕಿತ್ಸಕರು ಮುಟ್ಟುವುದಿಲ್ಲ. ಬಿಟ್ಟ ಮೇಲೆ ಏಳುವ ಸಂಕಟ ತಾನಾಗಿ ಇಳಿಯುವವರೆಗೆ ಜೊತೆಗೆ ಕೂರುತ್ತಾರೆ. ತಿಂಗಳುಗಳೇ ಹಿಡಿಯುತ್ತವೆ, ಪೂರ್ತಿ ಗುಣವಾಗುವವರಿಗಿಂತ ಸುಧಾರಿಸುವವರೇ ಹೆಚ್ಚು. ಜೊತೆಗಿರುವ ಖಿನ್ನತೆ, ಆತಂಕಗಳಿಗೆ ಔಷಧಿ ನೆರವಾಗುತ್ತದೆ; ಕೂಡಿಡುವ ಗೀಳಿಗೇ ಇಂಥದ್ದೆಂದು ಬೆರಳಿಟ್ಟು ತೋರಿಸುವ ಮಾತ್ರೆ ಇಲ್ಲ.

ಜಪಾನಿನಲ್ಲಿ ಇಂಥ ಮನೆಗಳಿಗೆ ‘ಗೋಮಿ ಯಾಶಿಕಿ’, ಎಂದರೆ ಕಸದ ಮನೆ, ಎಂಬ ಹೆಸರೇ ಬಿದ್ದಿದೆ. ಟೋಕಿಯೋದ ಅಡಾಚಿ ವಾರ್ಡ್ 2013ರಲ್ಲಿ ಜಾರಿಗೆ ತಂದ ಸ್ಥಳೀಯ ನಿಯಮ ಕೊನೆಯ ಅಸ್ತ್ರವಾಗಿ ಬಲವಂತದ ತೆರವನ್ನು ಇಟ್ಟುಕೊಂಡಿದ್ದರೂ, ಮನೆಯವರ ಒಪ್ಪಿಗೆ ಪಡೆದು ನೆರವಿನೊಂದಿಗೆ ಮಾಡಿಸುವ ತೆರವಿಗೇ ಹೆಚ್ಚು ಒತ್ತು ಕೊಟ್ಟಿತು.

ಕರ್ನಾಟಕದಲ್ಲಿ ಯಾರ ಬಾಗಿಲು ತಟ್ಟುವುದು?

ಇಲ್ಲಿ ಇದಕ್ಕೆಂದೇ ಇರುವ ಇಲಾಖೆಯಿಲ್ಲ. ಕಸವಾದರೆ ಪಾಲಿಕೆ, ಪ್ರಾಣಿಯಾದರೆ ಪಶುಸಂಗೋಪನೆ, ಬೆಂಕಿಯಾದರೆ ಅಗ್ನಿಶಾಮಕ, ಮನಸ್ಸಾದರೆ ಆರೋಗ್ಯ ಇಲಾಖೆ. ಒಂದೇ ಮನೆಯ ಒಂದೇ ಸಂಕಟ ನಾಲ್ಕು ಕಡತಗಳಾಗಿ ಹರಿದುಹೋಗುತ್ತದೆ. ಕಾನೂನಿನ ನೆಲೆಯೇ ಇಲ್ಲವೆನ್ನುವಂತಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, ಮಾನಸಿಕ ಕಾಯಿಲೆ ಯಾವುದೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಇತ್ತೀಚಿನ ವರ್ಗೀಕರಣವೂ ಸೇರಿದಂತೆ ಒಪ್ಪಿತ ಮಾನದಂಡಗಳ ಮೇಲೆ ನಿರ್ಧರಿಸಬೇಕೆನ್ನುತ್ತದೆ. ಆ ವರ್ಗೀಕರಣದಲ್ಲಿ ಕೂಡಿಡುವ ಗೀಳು ಇರುವುದರಿಂದ ಚಿಕಿತ್ಸೆ ಪಡೆಯುವ ಹಕ್ಕು ಇವರಿಗೂ ಇದೆ. ಸಾರ್ವಜನಿಕ ಉಪದ್ರವವನ್ನು ತೆಗೆಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ದಂಡಾಧಿಕಾರಿ ಆದೇಶ ಹೊರಡಿಸಬಹುದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಆಹಾರ, ನೀರು, ಆಶ್ರಯ ಕೊಡದಿರುವುದನ್ನು ಅಪರಾಧವೆನ್ನುತ್ತದೆ, ಆದರೆ ಅದು ಗೊತ್ತುಮಾಡಿದ ಮೊದಲ ತಪ್ಪಿನ ದಂಡ ಹತ್ತರಿಂದ ಐವತ್ತು ರೂಪಾಯಿ. ಕಾಫಿ ಕುಡಿದು ಬರುವಷ್ಟು.

ನೆರೆಯವರಿಗೋ ಬಂಧುಗಳಿಗೋ ಮೊದಲ ಮೆಟ್ಟಿಲಾಗಿ 14416 ಸಂಖ್ಯೆಯ ಟೆಲಿ ಮಾನಸ್ ಉಚಿತ ಸಹಾಯವಾಣಿಯಿದೆ, ಕನ್ನಡದಲ್ಲಿ ಮಾತನಾಡಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು, ಬೆಂಗಳೂರಿನ ನಿಮ್ಹಾನ್ಸ್‌ನ ಗೀಳು ಕಾಯಿಲೆ ಚಿಕಿತ್ಸಾಲಯ ಮುಂದಿನ ಹಂತ. ಪ್ರಾಣಿಗಳಿದ್ದರೆ ಮೊದಲ ವಾರದ ಕೆಲಸ ಲಸಿಕೆ ಮತ್ತು ಸಂತಾನಹರಣ ಚಿಕಿತ್ಸೆ. ಏರಿಕೆ ನಿಂತ ಮೇಲೆ ಒಂದೊಂದಾಗಿ ಬೇರೆ ಮನೆ ಹುಡುಕಬಹುದು. ಆರೈಕೆ ಮಾಡಬಲ್ಲವರಾದರೆ ಎರಡೋ ಮೂರೋ ಅವರಲ್ಲಿಯೇ ಉಳಿಯಲಿ. ವಸ್ತುಗಳಾದರೆ ಆರಂಭಿಸಬೇಕಾದ ಜಾಗ ಒಲೆಯ ಸುತ್ತಿನ ಮೂರಡಿ, ಬಾಗಿಲಿನವರೆಗಿನ ಕಾಲುದಾರಿ, ಮಂಚ. ಆ ಮನೆಯೊಳಗೆ ‘ಕಸ’ ಎಂಬ ಮಾತನ್ನು ಆಡದಿರುವುದು ಒಳ್ಳೆಯದು. ಅವರು ಸಾಮಾನು ಎಂದರೆ ನಾವೂ ಸಾಮಾನು ಎನ್ನಬೇಕು. ‘ಇದನ್ನೆಲ್ಲ ಯಾವಾಗ ಬಿಸಾಕ್ತೀರಿ’ ಎಂದು ಕೇಳಿದವರಿಗೆ ಬಾಗಿಲು ಮುಚ್ಚಿದ ಮನೆ, ‘ಅಜ್ಜಿ, ಒಲೆ ಹಚ್ಚೋಕೆ ಒಂಚೂರು ಜಾಗ ಮಾಡಿಕೊಡಲಾ’ ಎಂದವರಿಗೆ ತೆರೆಯಲೂಬಹುದು.